ಐದಕ್ಕಿಂತ ಕಡಿಮೆ

ಕಾಗದ ಕತ್ತರಿಸುವ ಯಂತ್ರದ ಹಿಡಿಯನ್ನು ಬೊಗ್ದನ್ ಮೆಲ್ಲಗೆ ಕೆಳಗೊತ್ತಿದ. ಎರಡು ಬೆರಳು ಅಗಲದ ಪಟ್ಟಿಯೊಂದು ಮೇಜಿನ ಆಚೆ ನೆಲಕ್ಕೆ ಬಿತ್ತು. ಪುಟದ ಅಡಿಯಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಹೋದ ವರ್ಷದ ಇಸವಿ ಆ ಪಟ್ಟಿಯಲ್ಲಿತ್ತು. ಬಗ್ಗಿ ಅದನ್ನು ಹೆಕ್ಕಿಕೊಂಡು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡ. ಕಸದ ಬುಟ್ಟಿ ಕಾಲ ಹತ್ತಿರವೇ ಇತ್ತು, ಆದರೆ ಅದರಲ್ಲಿ ಹಾಕಲು ಮನಸ್ಸು ಬರಲಿಲ್ಲ. ಹಿಂದಿನಿಂದ ಜನಸಂಖ್ಯಾ ವಿಭಾಗದ ಮಾರ್ಯೆತಾ ಕಾಫಿ ಲೋಟ ಹಿಡಿದು ಬಂದವಳು, "ಏನಪ್ಪಾ, ಗಾಳಿಪಟ ಮಾಡ್ತಿದ್ದೀಯಾ?" ಅಂದಳು. "ಅಂಚು ವಕ್ರ ಬಂದಿತ್ತು," ಅಂದ. "ನಮ್ಮ ಪ್ರಿಂಟರ್ ನೆಟ್ಟಗೆ ಬಂದಿದ್ದು ಯಾವತ್ತು," ಎಂದು ಅವಳು ಹೊರಟುಹೋದಳು. ಅವಳ ಚಪ್ಪಲಿಯ ಸದ್ದು ಪಡಸಾಲೆಯ ತುದಿಯಲ್ಲಿ ತಿರುಗುವವರೆಗೂ ಅವನು ಯಂತ್ರದ ಹಿಡಿಯ ಮೇಲಿಂದ ಕೈ ತೆಗೆಯಲಿಲ್ಲ. ಅಂಕಿಅಂಶ ಇಲಾಖೆಯ ಹದಿನೇಳು ವರ್ಷದ ನೌಕರಿಯಲ್ಲಿ ಅವನು ಒಂದೇ ಒಂದು ಅಂಕಿಯನ್ನು ತಿದ್ದಿದವನಲ್ಲ. ಈಗಲೂ ತಿದ್ದಿಲ್ಲ ಎಂದು ತನ್ನೊಳಗೇ ವಾದ ಹೂಡಿದ. ಅಂಕಿ ಇದ್ದ ಹಾಗೇ ಇದೆ. ಝಪೆಚ್ಕರ್: ಐದು. ಆ ಅಂಕಿ ಯಾವ ವರ್ಷದ್ದು ಎಂಬುದನ್ನು ಮಾತ್ರ ತಾನು ಹೇಳುತ್ತಿಲ್ಲ, ಅಷ್ಟೆ. ಹೇಳದೆ ಇರುವುದು ಬೇರೆ, ಸುಳ್ಳು ಬೇರೆ. ಈ ಮಾತನ್ನು ಕಚೇರಿಯ ಸಭೆಗಳಲ್ಲಿ ಅವನು ಎಷ್ಟೋ ಸಲ ಆಡಿದ್ದ.

ಬೆಳಿಗ್ಗೆ ಎಂಟಕ್ಕೆ ಹೊಸ ಕೋಷ್ಟಕ ತೆರೆದಿತ್ತು. ಜನವರಿ ಒಂದನೇ ತಾರೀಖಿಗೆ ದೇಶದಲ್ಲಿ ಯಾವ ಅಡ್ಡಹೆಸರಿನವರು ಎಷ್ಟು ಮಂದಿ ಇದ್ದರು ಎಂಬ ಲೆಕ್ಕ ಪ್ರತಿ ವರ್ಷ ಮೇ ತಿಂಗಳಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಜನ ಮೊದಲು ತಮ್ಮ ಹೆಸರು ಹುಡುಕುತ್ತಾರೆ, ಆಮೇಲೆ ಪಕ್ಕದ ಮನೆಯವರದ್ದು, ಆಮೇಲೆ ತಮ್ಮ ಮೇಲಧಿಕಾರಿಯದ್ದು. ಬೊಗ್ದನ್ ಕೂಡ ಮೊದಲು ತನ್ನ ಅಡ್ಡಹೆಸರನ್ನೇ, ಝಪೆಚ್ಕರ್ ಎಂದು, ಒತ್ತಿದ. ಬಂದದ್ದು ಅಂಕಿಯಲ್ಲ, ಒಂದು ವಾಕ್ಯ: ಈ ಅಡ್ಡಹೆಸರಿನವರು ಐದಕ್ಕಿಂತ ಕಡಿಮೆ ಇರುವುದರಿಂದ ಮಾಹಿತಿಯನ್ನು ತೋರಿಸಲಾಗುವುದಿಲ್ಲ. ಆ ವಾಕ್ಯವನ್ನು ಬರೆದವನು ಅವನೇ. ಹನ್ನೊಂದು ವರ್ಷದ ಹಿಂದೆ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ತೀರಾ ಕೆಲವೇ ಜನರಿರುವ ಹೆಸರನ್ನು ತೋರಿಸಿದರೆ ಅವರು ಯಾರೆಂದು ಸುಲಭವಾಗಿ ಪತ್ತೆಯಾಗುತ್ತದೆ ಎಂಬ ಚರ್ಚೆ ನಡೆದಿತ್ತು. ಒಬ್ಬರು ಮೂರು ಎಂದರು, ಒಬ್ಬರು ಹತ್ತು ಎಂದರು. ಐದು ಇರಲಿ ಅಂದವನು ಬೊಗ್ದನ್. ಆಗ ಅವನ ತಲೆಯಲ್ಲಿ ತನ್ನ ಮನೆಯವರ ಲೆಕ್ಕ ಇತ್ತೋ ಇಲ್ಲವೋ ಎಂಬುದನ್ನು ಅವನು ಆಮೇಲೆ ಎಷ್ಟು ಕೆದಕಿದರೂ ಖಚಿತ ಮಾಡಿಕೊಳ್ಳಲಾಗಲಿಲ್ಲ. ಇದ್ದಿರಬೇಕು. ಇಲ್ಲದಿದ್ದರೆ ಐದೇ ಯಾಕೆ?

ಹೋದ ವರ್ಷದವರೆಗೆ ಐದು ಮಂದಿ: ಶ್ಕೊಫ್ಯಾ ಲೋಕಾದ ವೃದ್ಧರ ನಿವಾಸದಲ್ಲಿರುವ ಅವನ ದೊಡ್ಡಪ್ಪ ಅಂಬ್ರೊಝ್, ಕೊಪೆರ್ ಬಂದರಿನಲ್ಲಿ ಕ್ರೇನ್ ನಡೆಸುವ, ಮದುವೆಯಾಗದ ಅಣ್ಣ ಸಿರಿಲ್, ತಾನು, ಮಾರಿಬೋರಿನಲ್ಲಿ ಓದುತ್ತಿರುವ ಮಗಳು ನೆಝಾ, ಮತ್ತು ಬ್ರೆದಾ. ದೊಡ್ಡಪ್ಪ ಭಾನುವಾರ ಫೋನಿನಲ್ಲಿ ಮಾತಾಡಿದ್ದರು. ಸಿರಿಲ್ ಮಂಡಿನೋವಿನ ಬಗ್ಗೆ ನಿನ್ನೆಯಷ್ಟೇ ಸಂದೇಶ ಕಳಿಸಿದ್ದ. ನೆಝಾಳ ಹೆಸರಿನಲ್ಲಿ ಕಾಲೇಜಿನ ಪತ್ರ ಹೋದ ವಾರ ಬಂದಿತ್ತು. ಬೊಗ್ದನ್ ಇಲ್ಲೇ ಕುಳಿತಿದ್ದಾನೆ. ಹಾಗಾದರೆ ಬ್ರೆದಾ. ವಿಚ್ಛೇದನವಾಗಿ ಆರು ವರ್ಷ. ಮಗಳು ಶಾಲೆ ಮುಗಿಸಲಿ, ಕಾಗದಪತ್ರದಲ್ಲಿ ತಾಯಿಗೊಂದು ಮಗಳಿಗೊಂದು ಹೆಸರು ಬೇಡ ಎಂದು ಅವಳು ಹೆಸರು ಉಳಿಸಿಕೊಂಡಿದ್ದಳು. ಈಗ ಮಗಳ ಶಾಲೆ ಮುಗಿದಿದೆ. ಅವಳು ತನ್ನ ತವರಿನ ಹೆಸರಿಗೆ ಮರಳಿದ್ದಾಳೆ. ನೊವಾಕ್, ಎಂದರೆ ಹೊಸದಾಗಿ ಬಂದವರು, ಊರೂರಿಗೂ ಹೊಸದಾಗಿ ಬಂದು ಬಂದು ಈಗ ದೇಶದಲ್ಲಿ ಎಲ್ಲರಿಗಿಂತ ಹೆಚ್ಚು, ಹನ್ನೊಂದು ಸಾವಿರದ ಆಸುಪಾಸು. ಐವರಲ್ಲಿ ಒಬ್ಬಳಾಗಿದ್ದವಳು ಹನ್ನೊಂದು ಸಾವಿರದಲ್ಲಿ ಒಬ್ಬಳಾಗಲು ಹೋದಳು. ಇದನ್ನು ಅವನಿಗೆ ಅವಳು ಹೇಳಲಿಲ್ಲ, ಮಗಳು ಹೇಳಲಿಲ್ಲ. ಕೋಷ್ಟಕ ಹೇಳಿತು, ಅದೂ ಏನನ್ನೂ ತೋರಿಸಲಾಗುವುದಿಲ್ಲ ಎನ್ನುವುದರ ಮೂಲಕ. ಅವನಿಗೆ ನೋವಾಗಬೇಕಿತ್ತು. ಮೊದಲು ಬಂದದ್ದು ನೋವಲ್ಲ, ದೊಡ್ಡಪ್ಪನಿಗೆ ಏನು ಹೇಳುವುದು ಎಂಬ ದಿಗಿಲು. ಆಮೇಲೆಯೇ ಅವನು ಹೋದ ವರ್ಷದ ಪುಟವನ್ನು ಮತ್ತೆ ಅಚ್ಚು ಹಾಕಿದ್ದು.

ಹತ್ತೂವರೆಯ ಬಸ್ಸಿನಲ್ಲಿ ಕಿಟಕಿ ಬದಿಗೆ ಕುಳಿತು ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡ. ಊರು ಹಿಂದೆ ಸರಿದು ಹುಲ್ಲು ಒಣಹಾಕುವ ಮರದ ಚೌಕಟ್ಟುಗಳು ಬರತೊಡಗಿದವು, ಇನ್ನೂ ಖಾಲಿ, ಬಾಚಣಿಗೆಯ ಹಾಗೆ. ಈ ದಿನ ದೊಡ್ಡಪ್ಪ ಕಾಯುತ್ತಿರುತ್ತಾರೆ. ಹೋದ ಎರಡು ವರ್ಷವೂ ಕೋಷ್ಟಕ ತೆರೆದ ದಿನವೇ ಅವನು ಪುಟ ಅಚ್ಚು ಹಾಕಿಸಿ ಒಯ್ದು ಕೊಟ್ಟಿದ್ದ. ಅದಕ್ಕೂ ಮೊದಲು ಮನೆ ಮಾರಿದ ವರ್ಷವೂ. ಆ ಪುಟ ದೊಡ್ಡಪ್ಪನಿಗೆ ಯಾಕೆ ಬೇಕು ಎಂದು ನಿವಾಸದ ನರ್ಸು ಒಮ್ಮೆ ಕೇಳಿದ್ದಳು. ಹಳೆಯ ಕಾಲದವರು, ವಂಶಾಭಿಮಾನ, ಎಂದು ಬೊಗ್ದನ್ ನಕ್ಕಿದ್ದ. ಆದರೆ ಅದು ಹಾಗಲ್ಲ ಎಂದು ಅವನಿಗೆ ಗೊತ್ತಿತ್ತು. ಬೆಟ್ಟದ ಮೇಲಿನ ಅವರ ಊರಿನಲ್ಲಿ ಅಡ್ಡಹೆಸರನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಅದು ತೆರಿಗೆಯ ಚೀಟಿಗೆ, ಸೈನ್ಯದ ಪತ್ರಕ್ಕೆ, ಆಸ್ಪತ್ರೆಗೆ. ಊರವರಿಗೆ ಇರುವುದು ಮನೆಯ ಹೆಸರು. ಮನೆ ಕೊರಿತ್ನಿಕ್, ಆದ್ದರಿಂದ ಅದರಲ್ಲಿ ಇರುವವರು ಕೊರಿತ್ನಿಕ್. ಅಂಬ್ರೊಝ್ ಎಂಬತ್ತು ವರ್ಷ ಕೊರಿತ್ನಿಕ್ ಆಗಿಯೇ ಬದುಕಿದರು. ಚರ್ಚಿನ ಎರಡನೇ ಸಾಲಿನಲ್ಲಿ ಕೊರಿತ್ನಿಕ್, ಹಾಲಿನ ಡೇರಿಯಲ್ಲಿ ಕೊರಿತ್ನಿಕ್, ಬೈಗುಳದಲ್ಲೂ ಕೊರಿತ್ನಿಕ್. ಅವರ ಸೊಂಟದ ಮೂಳೆ ಮುರಿದ ಮೇಲೆ, ಮೆಟ್ಟಿಲು ಹತ್ತಲಾಗುವುದಿಲ್ಲ, ಚಳಿಗಾಲಕ್ಕೆ ಸೌದೆ ಒಡೆಯಲಾಗುವುದಿಲ್ಲ ಎಂದಾದ ಮೇಲೆ, ಮನೆ ಮಾರಿಬಿಡೋಣ ಎಂದವನು ಬೊಗ್ದನ್. ನೀನೇ ಇಲ್ಲಿ ಬಂದು ಇರಬಾರದೇ ಎಂದು ಅವರು ಕೇಳಲಿಲ್ಲ. ಕೇಳದೆ ಇದ್ದದ್ದೇ ಅವನಿಗೆ ಕಷ್ಟವಾಯಿತು. ಕೇಳಿದ್ದರೆ ಕಚೇರಿ ದೂರ, ಮಗಳ ಓದು ಎಂದು ಏನಾದರೂ ಹೇಳಬಹುದಿತ್ತು. ರುಜು ಹಾಕುವ ದಿನ ಮಾತ್ರ, "ಹೆಸರು?" ಎಂದು ಕೇಳಿದರು. "ಹೆಸರು ಎಲ್ಲಿಗೆ ಹೋಗತ್ತೆ ದೊಡ್ಡಪ್ಪ, ನೀವು ಎಲ್ಲಿದ್ರೂ ಝಪೆಚ್ಕರ್ ಝಪೆಚ್ಕರೇ," ಎಂದಿದ್ದ. ಅವರು ಅವನ ಮುಖವನ್ನು ತುಸು ಹೊತ್ತು ನೋಡಿ ಪೆನ್ನು ತೆಗೆದುಕೊಂಡರು. ಅವರು ಕೇಳಿದ್ದು ಆ ಹೆಸರನ್ನಲ್ಲ ಎಂದು ಅವನಿಗೆ ಹೊಳೆದದ್ದು ಎರಡು ವಾರದ ಮೇಲೆ, ಊರಿನ ಹೋಟೆಲಿನಲ್ಲಿ. ಕೊನೆಯ ಪೆಟ್ಟಿಗೆಗಳನ್ನು ಗಾಡಿಗೆ ಹೇರಿ ಮೂವರೂ ಒಂದೊಂದು ಲೋಟ ಬಿಯರ್ ಹಿಡಿದು ಕುಳಿತಿದ್ದರು: ದೊಡ್ಡಪ್ಪ, ಅವನು, ಮತ್ತು ಮನೆ ಕೊಂಡ ಲ್ಯುಬ್ಲ್ಯಾನಾದ ದಂತವೈದ್ಯ. ಹೋಟೆಲಿನ ಯಜಮಾನ ಬಾಗಿಲಿಂದ ತಲೆ ಹಾಕಿ, "ಕೊರಿತ್ನಿಕ್, ನಿನ್ನ ಕಾರು ದಾರಿಗೆ ಅಡ್ಡ ನಿಂತಿದೆ, ಹಾಲಿನ ಲಾರಿ ಬರಬೇಕು," ಅಂದ. ಎದ್ದವರು ದೊಡ್ಡಪ್ಪ. ಜೀವಮಾನದಲ್ಲಿ ಅವರಿಗೆ ಕಾರು ಇರಲಿಲ್ಲ. ಕೋಲು ಊರಿ ಅರ್ಧ ಎದ್ದವರು ಹಾಗೇ ನಿಂತರು. ದಂತವೈದ್ಯ ಬೀಗದ ಕೈ ತೆಗೆದುಕೊಂಡು ನಗುತ್ತಾ, "ನನ್ನನ್ನೇ ಇರಬೇಕು," ಎಂದು ಹೊರಗೆ ಹೋದ. ಹೋಟೆಲಿನವನದ್ದೂ ತಪ್ಪಿಲ್ಲ. ಊರಿನ ರೂಢಿಯೇ ಅದು, ಯಾರು ಆ ಮನೆಯ ಅಗುಳಿ ಹಾಕುತ್ತಾರೋ ಅವರು ಕೊರಿತ್ನಿಕ್. ದೊಡ್ಡಪ್ಪ ಕುಳಿತುಕೊಂಡು ಬಿಯರಿನ ನೊರೆಯನ್ನು ಬೆರಳಿಂದ ಒರೆಸಿದರು. ಬೊಗ್ದನ್ ಕೊಯ್ಲಿಗೆ ಬಂದ ಹುಲ್ಲಿನ ಬಗ್ಗೆ ಏನೋ ಮಾತಾಡಿದ.

ಆ ಮೇಲೆ ದೊಡ್ಡಪ್ಪನಿಗೆ ಉಳಿದದ್ದು ಕಾಗದದ ಹೆಸರು. ಅದನ್ನು ತೊಡಿಸಿದವನು ತಾನು ಎಂಬುದಕ್ಕೇ ಇರಬೇಕು ಬೊಗ್ದನ್ ಮೊದಲ ಪುಟ ಒಯ್ದು ಕೊಟ್ಟದ್ದು. ನೋಡಿ, ಇಡೀ ದೇಶದಲ್ಲಿ ನಾವು ಐದೇ ಮಂದಿ, ನೊವಾಕ್‌ಗಳ ಹಾಗೆ ಬೀದಿಗೊಬ್ಬರಲ್ಲ. ದೊಡ್ಡಪ್ಪನಿಗೆ ಆ ಮಾತು ಹಿಡಿಸಿತು. ಝಪೆಚ್ಕರ್ ಎಂದರೆ ಏನು ಎಂದು ಕೇಳಿದರು. ಬೊಗ್ದನ್ ಪಾದ್ರಿಗಳ ಹಳೆಯ ದಫ್ತರಗಳಲ್ಲಿ ಮೂರು ಶನಿವಾರ ಹುಡುಕಿದ. ಸಾವಿರದ ಏಳುನೂರ ಅರವತ್ತೆರಡರಲ್ಲಿ, ಊರಿನ ಆತ್ಮಗಳನ್ನು, ಎಂದರೆ ಜನರನ್ನು, ಮನೆಮನೆಗೆ ಎಣಿಸಿದ ಚರ್ಚಿನ ಪುಸ್ತಕದಲ್ಲಿ, ಕೊರಿತ್ನಿಕ್ ಮನೆಯ ಕೊನೆಯ ಸಾಲಿನಲ್ಲಿ ಸಿಕ್ಕಿತು: ಉರ್ಬನ್, ಬಿಡಾರದವನು, ಒಲೆಯ ಹಿಂದೆ ಮಲಗುತ್ತಾನೆ. ಝಪೆಚ್ಕರ್ ಎಂದರೆ ಅಷ್ಟೇ, ಒಲೆಯ ಹಿಂದಿನವನು. ತನ್ನದೆಂಬ ಕೋಣೆಯಿಲ್ಲದ, ಕೂಲಿಗೆ ಬದಲಾಗಿ ದೊಡ್ಡ ಒಲೆಗೂ ಗೋಡೆಗೂ ನಡುವಿನ ಬೆಚ್ಚನೆಯ ಸಂದಿಯಲ್ಲಿ ಮಲಗಲು ಬಿಟ್ಟವನು. ಎಂಟು ವರ್ಷದ ಮೇಲೆ ಮದುವೆಯ ಪುಸ್ತಕದಲ್ಲಿ ಅದೇ ಉರ್ಬನ್ ಆ ಮನೆಯ ವಿಧವೆಯನ್ನು ಮದುವೆಯಾಗಿದ್ದ, ಅಲ್ಲಿಂದ ಮುಂದೆ ಊರಿಗೆಲ್ಲ ಅವನೇ ಕೊರಿತ್ನಿಕ್. ಅಂದರೆ ದಂತವೈದ್ಯ ದುಡ್ಡು ಕೊಟ್ಟು ಮಾಡಿದ್ದನ್ನು ಉರ್ಬನ್ ಮದುವೆಯಾಗಿ ಮಾಡಿದ್ದ. ದಫ್ತರದ ಕೋಣೆಯಲ್ಲಿ ಕುಳಿತು ಬೊಗ್ದನ್‌ಗೆ ನಗು ಬಂದಿತ್ತು. ಆದರೆ ದೊಡ್ಡಪ್ಪನ ಎದುರು, "ಒಲೆ ಕಟ್ಟೋ ಕಸುಬಿನವರು," ಎಂದ. ಹಾಗೂ ಅರ್ಥ ಮಾಡಬಹುದು ಎಂದು ಒಬ್ಬ ಪಂಡಿತರು ಬರೆದಿದ್ದರು, ಅನುಮಾನದ ಚಿಹ್ನೆ ಹಾಕಿ. ಚಿಹ್ನೆಯನ್ನು ಅವನು ಹೇಳಲಿಲ್ಲ. ಅಲ್ಲೂ ಅಷ್ಟೇ, ಒಂದು ಪಟ್ಟಿ ಕತ್ತರಿಸಿದ. ಈಗ ನಿವಾಸದಲ್ಲಿ ಎಲ್ಲರಿಗೂ ಗೊತ್ತು, ಅಂಬ್ರೊಝ್ ಅವರ ಪೂರ್ವಿಕರು ಜಮೀನುದಾರರ ಬಂಗಲೆಗಳಲ್ಲಿ ಹಸಿರು ಹೆಂಚಿನ ಒಲೆ ಕಟ್ಟಿದವರು.

ಬಸ್ಸಿಳಿದು ನದಿ ದಾಟಿ ನಿವಾಸ ಸೇರುವಾಗ ಹನ್ನೊಂದೂಕಾಲು. ದೊಡ್ಡಪ್ಪ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದರು. ನುಣ್ಣಗೆ ಶೇವ್ ಮಾಡಿಕೊಂಡು, ಬಿಳಿ ಅಂಗಿಯನ್ನು ಕತ್ತಿನ ಗುಂಡಿಯವರೆಗೂ ಹಾಕಿಕೊಂಡಿದ್ದರು.

"ಬಾ ಕೂತ್ಕೋ. ಬಸ್ಸು ತುಂಬಿತ್ತಾ?"

"ಇಲ್ಲ, ಖಾಲಿ. ಹೇಗಿದೀರಿ ದೊಡ್ಡಪ್ಪ?"

"ಹೇಗಿರ್ತೀನಿ. ನಿನ್ನೆ ಒಬ್ಬ ಹುಡುಗಿ ಬಂದು ಚೆಂಡು ಎಸೆದು ಹಿಡೀರಿ ಅಂದ್ಲು. ಹಿಡಿದೆ. ಚಪ್ಪಾಳೆ ತಟ್ಟಿದ್ಲು. ಎಂಬತ್ಮೂರು ವರ್ಷಕ್ಕೆ ಚೆಂಡು ಹಿಡಿದಿದ್ದಕ್ಕೆ ಚಪ್ಪಾಳೆ." ಅವರು ನಗಲಿಲ್ಲ. "ತಂದಿದೀಯಾ?"

ಬೊಗ್ದನ್ ಲಕೋಟೆ ತೆರೆದು ಪುಟ ಕೊಟ್ಟ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಓದಿದರು. ತುಟಿ ಅಲ್ಲಾಡಿತು. "ಐದು," ಎಂದರು.

"ಐದೇ. ಹಾಗೇ ಇದೀವಿ."

"ಹೂಂ."

ಅವರು ಮೇಜಿನ ಖಾನೆಯಿಂದ ರಟ್ಟಿನ ಕಡತ ತೆಗೆದರು. ಅದರಲ್ಲಿ ಹಿಂದಿನ ಮೂರು ಪುಟಗಳಿದ್ದವು, ಒಂದರ ಮೇಲೊಂದು, ಮೂಲೆಗೆ ಮೂಲೆ ಕೂಡಿಸಿ. ಹೊಸ ಪುಟವನ್ನು ಅವುಗಳ ಮೇಲಿಟ್ಟು ಎರಡೂ ಕೈಯಿಂದ ಕುಟ್ಟಿ ಅಂಚು ಸಮ ಮಾಡಲು ನೋಡಿದರು. ಸಮವಾಗಲಿಲ್ಲ. ಮತ್ತೆ ಕುಟ್ಟಿದರು. ಮೇಲಿನ ಅಂಚು ಕೂಡಿದರೆ ಕೆಳಗೆ ಎರಡು ಬೆರಳು ಕಡಿಮೆ, ಕೆಳಗೆ ಕೂಡಿದರೆ ಮೇಲೆ ಎರಡು ಬೆರಳು. ಹಲಗೆ ಕೊಯ್ದು ಜೋಡಿಸಿದ ಕೈಗಳು ಅವು. ಒಂದು ನೂಲಿನ ವ್ಯತ್ಯಾಸ ಕೂಡ ಹೆಬ್ಬೆರಳಿಗೆ ತಿಳಿಯುತ್ತದೆ. ಹೆಬ್ಬೆರಳನ್ನು ಪುಟಗಳ ಅಂಚಿನ ಆ ಮೆಟ್ಟಿಲಿನ ಮೇಲೆ ಆಚೆ ಈಚೆ ಆಡಿಸಿದರು. ಬೊಗ್ದನ್‌ಗೆ ತಾನು ಚಿಕ್ಕವನಿದ್ದಾಗ ಅವರ ಬಡಗಿ ಮೇಜಿನ ಮೇಲೆ ತನ್ನಿಂದ ಹಲ್ಲು ಮುರಿದಿದ್ದ ಗರಗಸವನ್ನು ಏನೂ ಆಗಿಲ್ಲವೆಂಬ ಹಾಗೆ ಇಟ್ಟುಬಂದ ದಿನ ನೆನಪಾಯಿತು. ಅಂದೂ ಅವರು ಹೀಗೇ ಹೆಬ್ಬೆರಳು ಆಡಿಸಿದ್ದರು, ಏನೂ ಅಂದಿರಲಿಲ್ಲ, ಊಟಕ್ಕೆ ಕರೆದಿದ್ದರು.

"ಕಾಗದ ಸಣ್ಣದು ಬರತ್ತಾ ಈಗ?"

"ಪ್ರಿಂಟರ್ ಬೇರೆ, ದೊಡ್ಡಪ್ಪ."

"ಓಹೋ."

ಪಡಸಾಲೆಯಲ್ಲಿ ಊಟದ ಗಾಡಿ ಉರುಳಿದ ಸದ್ದು. ಹುರುಳಿಕಾಯಿ, ಹೊಗೆಗೆ ಇಟ್ಟ ಮಾಂಸದ ವಾಸನೆ. ದೊಡ್ಡಪ್ಪ ಕನ್ನಡಕ ತೆಗೆದು ಮಡಚಿದರು.

"ಬ್ರೆದಾ ಬಂದಿದ್ಲು," ಎಂದರು. "ಕ್ರಿಸ್ಮಸ್ಸಿಗೆ ಮುಂಚೆ. ಅಕ್ರೋಟು ಹಾಕಿ ಸುತ್ತಿದ ರೊಟ್ಟಿ ತಂದಿದ್ಲು. ದೊಡ್ಡಮಾವ, ಹೆಸರು ಬದಲಾಯಿಸ್ಕೋತಾ ಇದೀನಿ, ನಿಮಗೆ ಮೊದಲು ಹೇಳ್ಬೇಕು ಅನ್ನಿಸ್ತು, ಅಂದ್ಲು. ಅತ್ತಳು ಕೂಡ. ನಾನು ಹೋಗ್ಲಿ ಬಿಡಮ್ಮ ಅಂದೆ. ಒಳ್ಳೇ ಹುಡುಗಿ."

ಬೊಗ್ದನ್ ತಿಂಗಳು ಎಣಿಸಿದ. ಡಿಸೆಂಬರಿನಿಂದ ಮೇ. ಈ ಐದು ತಿಂಗಳಲ್ಲಿ ಅವನು ಹತ್ತು ಹನ್ನೆರಡು ಸಲ ಇಲ್ಲಿ ಬಂದಿದ್ದಾನೆ, ಇದೇ ಕುರ್ಚಿಯಲ್ಲಿ ಕುಳಿತಿದ್ದಾನೆ. ಬ್ರೆದಾ ಹೇಗಿದ್ದಾಳೆ ಎಂದು ದೊಡ್ಡಪ್ಪ ಪ್ರತಿ ಸಲ ಕೇಳಿದ್ದಾರೆ, ಚೆನ್ನಾಗಿದ್ದಾಳೆ ಎಂದು ಪ್ರತಿ ಸಲ ಅವನು ಬಾಯಿಗೆ ಬಂದದ್ದು ಹೇಳಿದ್ದಾನೆ. ಅವಳು ಇವರೆದುರು ಅತ್ತಳಂತೆ. ತನ್ನೆದುರು ಅವಳು ಅತ್ತದ್ದು ಒಮ್ಮೆಯೂ ಇಲ್ಲ; ವಿಚ್ಛೇದನದ ದಿನವೂ ವಕೀಲರ ಕೋಣೆಯಲ್ಲಿ ಬಾಲ್‌ಪೆನ್ನಿನ ಮುಚ್ಚಳ ಹುಡುಕುತ್ತಿದ್ದಳು. ಅವನ ಕಿವಿ ಬಿಸಿಯಾಯಿತು. ಕಾಗದವನ್ನು ವಾಪಸು ತೆಗೆದುಕೊಳ್ಳಬೇಕೋ, ಅಲ್ಲೇ ಬಿಡಬೇಕೋ ತಿಳಿಯಲಿಲ್ಲ. ಕೈಚಾಚಿ ಅರ್ಧಕ್ಕೆ ನಿಲ್ಲಿಸಿದ. ದೊಡ್ಡಪ್ಪ ಆ ಕೈಯನ್ನು ನೋಡಿ, ಪುಟವನ್ನು ಕಡತದೊಳಗೇ ಇಟ್ಟು ಮುಚ್ಚಿದರು.

"ಈಗ ಹೇಳು. ನಾವು ನಾಲ್ಕು. ಟೇಬಲ್ಲಿನಲ್ಲಿ ಏನಂತ ಬರತ್ತೆ?"

"ಬರಲ್ಲ."

"ಏನೂ ಬರಲ್ವಾ?"

"ಐದಕ್ಕಿಂತ ಕಡಿಮೆ ಇದ್ರೆ ತೋರ್ಸಲ್ಲ. ಅದು... ನಿಯಮ." ನಿಯಮ ಮಾಡಿದವನು ತಾನೆಂದು ಹೇಳಲು ಇದೇ ಹೊತ್ತು ಎನ್ನಿಸಿತು. ಹೇಳಲಿಲ್ಲ.

"ಅಂದ್ರೆ ನಾಲ್ಕಿದ್ರೂ ಒಂದೇ, ಯಾರೂ ಇಲ್ದಿದ್ರೂ ಒಂದೇ."

"ಹಾಗಲ್ಲ ದೊಡ್ಡಪ್ಪ, ಲೆಕ್ಕದಲ್ಲಿ ಇದ್ದೇ ಇರ್ತೀವಿ. ಹೊರಗಿನವರಿಗೆ ಕಾಣಲ್ಲ ಅಷ್ಟೇ."

"ನಾನು ಹೊರಗಿನವನು ತಾನೆ," ಎಂದರು ದೊಡ್ಡಪ್ಪ. ಸಿಟ್ಟಿರಲಿಲ್ಲ. ಮಂಚದ ಅಡಿಯಿಂದ ಕೋಲಿನ ತುದಿಯಲ್ಲಿ ಒಂದು ಬಟ್ಟೆಚೀಲವನ್ನು ಎಳೆದು ಅದರಿಂದ ಚಿಕ್ಕ ಬಾಟಲಿ ತೆಗೆದರು, ಕಾಡುಹಣ್ಣು ನೆನೆಹಾಕಿದ ಕಪ್ಪು ಮದ್ಯ. ಮೇಜಿನ ಮೇಲೆ, ಕಡತದ ಪಕ್ಕ ಇಟ್ಟರು. "ಡಿಸೆಂಬರಿಂದ ಯೋಚನೆ ಮಾಡ್ತಾ ಇದೀನಿ. ಸಿರಿಲ್ ಮದುವೆ ಆಗಲ್ಲ, ಅವನಿಗೆ ಕ್ರೇನೇ ಹೆಂಡತಿ. ನೀನು ಇನ್ನೊಂದು ಮದುವೆ ಆಗೋ ಮುಖ ಅಲ್ಲ. ನೆಝಾನ ಕೇಳ್ದೆ, ಮದುವೆ ಆದ್ರೆ ಯಾರ ಹೆಸರು ಇಟ್ಕೋತೀಯಮ್ಮ ಅಂತ. ಯಾವ್ದು ಚಿಕ್ಕದೋ ಅದು, ರುಜು ಹಾಕೋಕೆ ಸುಲಭ, ಅಂದ್ಲು. ಹಾಗಾದ್ರೆ ಉಳಿದವನು ಯಾರು?"

ಬೊಗ್ದನ್‌ಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಶೇವ್, ಅಂಗಿ, ಬಾಟಲಿ.

"ಯಾರನ್ನ?"

"ಪಾವ್ಲಾ. ನನ್ನ ಊಟದ ಮೇಜಿನವಳು. ಎರಡನೇ ಮಹಡಿ. ಕಸೂತಿ ಹಾಕ್ತಾಳೆ, ಕಣ್ಣು ಇನ್ನೂ ಚೆನ್ನಾಗಿದೆ, ಬಾಯಿ ಕಣ್ಣಿಗಿಂತ ಚೆನ್ನಾಗಿದೆ. ನಮ್ಮ ಕಡೇಲಿ ಗಂಡು ತಾನೇ ಹೋಗಿ ಕೇಳಲ್ಲ, ನಿನಗೆ ಗೊತ್ತು. ನಿಮ್ಮಪ್ಪನಿಗೆ ಹೆಣ್ಣು ಕೇಳೋಕೆ ಹೋದವನು ನಾನೇ. ನಿಮ್ಮಮ್ಮನ ಮನೆ ಅಂಗಳದಲ್ಲಿ ಬಾಟಲಿ ಹಿಡ್ಕೊಂಡು ಒಂದು ಗಂಟೆ ಹವಾಮಾನದ ವಿಷಯ ಮಾತಾಡ್ದೆ. ಈಗ ನೀನು ಹೋಗು."

"ದೊಡ್ಡಪ್ಪ, ಈ ವಯಸ್ಸಿಗೆ..."

"ವಯಸ್ಸಿಗೆ ಅಲ್ಲ, ಲೆಕ್ಕಕ್ಕೆ. ಒಬ್ಬಳನ್ನ ಕಳೆದೋನು ನೀನು. ಒಬ್ಬಳನ್ನ ತಂದುಕೊಡು."

ಅದನ್ನು ಅವರು ಹವಾಮಾನ ಹೇಳುವ ಹಾಗೆಯೇ ಹೇಳಿದರು. ಬೊಗ್ದನ್ ಬಾಟಲಿ ಎತ್ತಿಕೊಂಡ. ಮನೆಯ ಬಗ್ಗೆ ಅವರು ಏನಾದರೂ ಹೇಳುತ್ತಾರೆಂದು ಬಾಗಿಲಲ್ಲಿ ಒಂದು ಕ್ಷಣ ನಿಂತ. ಮೂರು ವರ್ಷದಿಂದ ಅವನು ಕಾಯುತ್ತಿದ್ದದ್ದು ಆ ಮಾತನ್ನೇ, ಅದು ಬಂದು ಬಿದ್ದುಹೋದರೆ ಸಾಕೆಂದು. ದೊಡ್ಡಪ್ಪ ಕೋಲು ಊರಿ ಏಳುತ್ತಾ, "ಹವಾಮಾನದಿಂದ ಶುರು ಮಾಡು," ಎಂದರು.

ಊಟದ ಮನೆಯಲ್ಲಿ ಇನ್ನೂ ಅರ್ಧ ಮೇಜುಗಳು ಖಾಲಿ. ಗೋಡೆಯ ಬದಿಯ ಮೇಜಿನಲ್ಲಿ ಗಿಡ್ಡನೆಯ ಹೆಂಗಸೊಬ್ಬರು ಸೇಬಿನ ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಸುತ್ತುಸುತ್ತಾಗಿ ಸುಲಿಯುತ್ತಿದ್ದರು. ದೊಡ್ಡಪ್ಪ ಅಲ್ಲಿಗೆ ಬರದೆ ಕಿಟಕಿಯ ಬಳಿ, ಬೇರೆಯವರ ಮೇಜಿನಲ್ಲಿ ಬೆನ್ನು ಹಾಕಿ ಕುಳಿತರು. ಆ ಬೆನ್ನು ಬಿಳಿ ಅಂಗಿಯಲ್ಲಿ ಬಹಳ ನೆಟ್ಟಗಿತ್ತು. ಬೊಗ್ದನ್ ಬಾಟಲಿಯನ್ನು ಉಪ್ಪಿನ ಡಬ್ಬಿಯ ಹತ್ತಿರ ಇಟ್ಟು ಕುಳಿತ. ತನಗೆ ನಲವತ್ತೆಂಟು ವರ್ಷ, ತಾನು ಸರ್ಕಾರಿ ಅಧಿಕಾರಿ, ತಾನು ಈಗ ಮಾಡುತ್ತಿರುವುದು ಒಂದು ಕೋಷ್ಟಕದ ಒಂದು ಸಾಲನ್ನು ಕಾಣಿಸುವಂತೆ ಮಾಡಲು ಅಜ್ಜಿಯೊಬ್ಬರಿಗೆ ಮದುವೆ ಕೇಳುವುದು ಎಂದು ಸ್ಪಷ್ಟವಾಗಿ ಕಂಡಿತು. ಆದರೂ, ಇವರು ಒಪ್ಪಿದರೆ ಮುಂದಿನ ಮೇ ತಿಂಗಳಲ್ಲಿ ಪೂರಾ ಉದ್ದದ ಪುಟ ತರಬಹುದು ಎಂಬ ಆಸೆ ಎದೆಯಲ್ಲಿ ನಿಜವಾಗಿಯೇ ಹೊಡೆದುಕೊಳ್ಳುತ್ತಿತ್ತು.

"ಈ ಸಲ ಎಲ್ಡರ್ ಗಿಡ ಬೇಗ ಹೂವು ಬಿಟ್ಟಿದೆ," ಅಂದ.

"ಹೌದಾ?" ಎಂದರು ಪಾವ್ಲಮ್ಮ, ಸೇಬಿನಿಂದ ಕಣ್ಣೆತ್ತದೆ. "ಅದನ್ನ ಹೇಳೋಕೆ ಬಾಟಲಿ ಬೇಕಾ?"

ಅವನು ನಕ್ಕ. ಅವರು ನಗಲಿಲ್ಲ, ಆದರೆ ಸಿಪ್ಪೆ ತೆಗೆಯುವ ಚಾಕು ನಿಂತಿತು.

"ನೋಡಪ್ಪಾ, ನಿಮ್ಮ ದೊಡ್ಡಪ್ಪ ಬೆಳಿಗ್ಗೆ ಆರಕ್ಕೇ ಶೇವ್ ಮಾಡ್ಕೊಂಡಿದಾರೆ ಅಂತ ನರ್ಸು ಹೇಳಿದ್ಲು. ಬುಧವಾರ ನನ್ನ ಹುಟ್ಟೂರು ಕೇಳಿದ್ರು. ನಿನ್ನೆ, ನಿಮ್ಮ ಯಜಮಾನರು ಹೋಗಿ ಎಷ್ಟು ವರ್ಷ ಆಯ್ತು ಅಂತ ಕೇಳಿದ್ರು. ನಾನೇನು ಹಾಲು ಕುಡಿಯೋ ಮಗೂನಾ? ನೀನು ಹೂವು ಬಿಟ್ಟು ವಿಷಯ ಹೇಳು, ಸೂಪು ಆರೋಗತ್ತೆ."

ಬೊಗ್ದನ್ ವಿಷಯ ಹೇಳಿದ. ಸರಿಯಾಗಿಯೇ ಹೇಳಿದ, ಕಚೇರಿಯ ವರದಿಯ ಹಾಗೆ, ಐದು, ನಾಲ್ಕು, ತೋರಿಸಲಾಗುವುದಿಲ್ಲ. ಹೆಸರು ಅಪರೂಪದ್ದು, ಹಳೆಯದು, ಸಾವಿರದ ಏಳುನೂರರಿಂದ ದಾಖಲೆ ಇದೆ ಎಂದ.

"ಒಲೆ ಕಟ್ಟೋರಂತೆ," ಎಂದರು ಪಾವ್ಲಮ್ಮ.

"ಹಾಗಂತಾರೆ."

"ನಮ್ಮ ಕಣಿವೇಲಿ ಝಪೆಚ್ಕರ್ ಅಂದ್ರೆ ಒಲೆ ಹಿಂದೆ ಬಿದ್ಕೊಂಡಿರೋ ಬಿಡಾರದವನು. ನಮ್ಮಜ್ಜಿ ಸೋಮಾರಿಗಳನ್ನ ಹಾಗೇ ಬೈತಿದ್ಲು." ಅವರು ಸೇಬಿನ ಒಂದು ಹೋಳನ್ನು ಚಾಕುವಿನ ತುದಿಯಲ್ಲಿ ಅವನಿಗೆ ಚಾಚಿದರು. "ತಗೋ. ಅದನ್ನ ಅವರಿಗೆ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಖುಷಿಯಾಗಿರ್ಲಿ."

ಸೇಬು ಹುಳಿಯಾಗಿತ್ತು. ಈ ಹೆಂಗಸಿಗೆ ಮೂರು ಶನಿವಾರ ಬೇಕಾಗಿರಲಿಲ್ಲ. ಇವರಿಗೆ ಗೊತ್ತಿದ್ದದ್ದು ಇಲ್ಲಿ ಇನ್ನೂ ಎಷ್ಟು ಜನರಿಗೆ ಗೊತ್ತಿರಬಹುದು, ದೊಡ್ಡಪ್ಪ ಹಸಿರು ಹೆಂಚಿನ ಕಥೆ ಹೇಳುವಾಗ ಎಷ್ಟು ಜನ ಸೂಪಿನ ತಟ್ಟೆಯ ಕಡೆ ಮುಖ ಬಗ್ಗಿಸಿರಬಹುದು ಎಂದು ಯೋಚನೆ ಹೋಯಿತು. ಆ ಕಥೆ ಹೊಲಿದುಕೊಟ್ಟವನು ತಾನು.

"ಅವರು ಮನುಷ್ಯ ಒಳ್ಳೆಯೋರು," ಎಂದು ಪಾವ್ಲಮ್ಮ ಮುಂದುವರಿಸಿದರು. "ಸುಳ್ಳು ಹೇಳಲ್ಲ. ಬ್ರೆಡ್ಡಿನ ಗಟ್ಟಿ ಅಂಚು ನನಗೆ ಬಿಟ್ಟುಕೊಡ್ತಾರೆ, ನನಗೆ ಅದು ಇಷ್ಟ ಅಂತ. ಒಂದೇ ಕೋಣೇಲಿ ಇರೋಣ ಅಂದ್ರೆ ಯೋಚನೆ ಮಾಡ್ತೀನಿ. ಆಫೀಸಿಗೆ ಬಂದು ರುಜು ಹಾಕು ಅಂದ್ರೂ ಹಾಕ್ತೀನೇನೋ, ಮಕ್ಕಳು ನಗ್ತಾರೆ, ನಗ್ಲಿ. ಆದ್ರೆ ಹೆಸರಾ? ನಮ್ಮವರು ಹೋಗಿ ಇಪ್ಪತ್ತೊಂದು ವರ್ಷ. ಆವಾಗ್ಲೇ ಗೋರಿಕಲ್ಲು ಕೆತ್ತಿಸಿದ್ದು. ಒಂದೇ ಸಲಕ್ಕೆ ಇಬ್ಬರದ್ದೂ ಮಾಡಿಸಿದ್ರೆ ಚೆನ್ನಾಗಿ ಕೂಡತ್ತೆ ಅಂದ ಕಲ್ಲುಕುಟಿಗ. ಮೇಲೆ ಅವರದ್ದು. ಕೆಳಗೆ ಪಾವ್ಲಾ ಯಾಮ್ನಿಕ್, ಹುಟ್ಟಿದ ವರ್ಷ, ಒಂದು ಗೀಟು. ಗೀಟಿನ ಮುಂದೆ ಮಾತ್ರ ಖಾಲಿ. ಕಾಲು ಗಟ್ಟಿ ಇರೋತನಕ ಪ್ರತಿ ಭಾನುವಾರ ಹೋಗಿ ನನ್ನ ಹೆಸರಿನ ಧೂಳು ನಾನೇ ಒರೆಸ್ತಿದ್ದೆ. ಈಗ ಮಗಳು ಕರ್ಕೊಂಡು ಹೋಗ್ತಾಳೆ, ತಿಂಗಳಿಗೊಂದ್ಸಲ."

"ಕಲ್ಲು ಹಾಗೇ ಇರ್ಲಿ ಅಮ್ಮಾ," ಎಂದ ಬೊಗ್ದನ್. ತನ್ನ ದನಿ ಬೇಡುವ ದನಿಯಾಗುತ್ತಿದೆ ಎಂದು ಅವನಿಗೆ ಕೇಳಿಸಿತು, ಆದರೂ ನಿಲ್ಲಿಸಲಾಗಲಿಲ್ಲ. "ಯಾಮ್ನಿಕ್‌ಗಳು ಬೇಕಾದಷ್ಟು ಜನ ಇದಾರೆ, ಒಬ್ಬರು ಕಡಿಮೆಯಾದ್ರೆ ಗೊತ್ತೂ ಆಗಲ್ಲ."

"ನನಗೆ ಗೊತ್ತಾಗತ್ತೆ."

ಕಿಟಕಿಯ ಬಳಿ ದೊಡ್ಡಪ್ಪನ ಮುಂದೆ ಹುಡುಗಿಯೊಬ್ಬಳು ಸೂಪು ತಂದಿಟ್ಟಳು. ಅವರು ಚಮಚ ಎತ್ತಿಕೊಳ್ಳಲಿಲ್ಲ. ಅವರ ಕತ್ತು ಒಂದಿಷ್ಟು ಈ ಕಡೆಗೆ ವಾಲಿತ್ತು, ಶ್ರವಣಯಂತ್ರ ಇದ್ದ ಕಿವಿಯ ಕಡೆಗೆ. ಬೊಗ್ದನ್ ಮೇಜಿನ ಮೇಲೆ ಮುಂದಕ್ಕೆ ಬಗ್ಗಿ ದನಿ ತಗ್ಗಿಸಿದ. ಮುಂದಿನ ಮಾತು ಬಾಯಿಂದ ಹೊರಡುವ ಮೊದಲೇ, ಇದೇ ಮಾತನ್ನು ತಾನು ಮನೆಯ ಕ್ರಯಪತ್ರದ ಮುಂದೆ ಕುಳಿತು ದೊಡ್ಡಪ್ಪನಿಗೂ ಹೆಚ್ಚುಕಡಿಮೆ ಹೀಗೇ ಹೇಳಿದ್ದೆ ಎಂದು ಅವನಿಗೆ ಅನ್ನಿಸಿತು.

"ಬರೀ ಕಾಗದದ ಮೇಲೆ ಅಮ್ಮಾ. ನಿಮ್ಮನ್ನ ಯಾರೂ ಆ ಹೆಸರಿಂದ ಕರೆಯಲ್ಲ. ಇಲ್ಲಿ ಎಲ್ಲರಿಗೂ ನೀವು ಪಾವ್ಲಮ್ಮನೇ. ಒಂದು ಅರ್ಜಿ, ಒಂದು ರುಜು. ನಾನೇ ಬರೆದು ತರ್ತೀನಿ."

ಪಾವ್ಲಮ್ಮ ಬಾಟಲಿಯನ್ನು ಎರಡು ಬೆರಳಿಂದ ಮೇಜಿನ ಮೇಲೆ ಅವನ ಕಡೆಗೆ ಸರಿಸಿದರು, ಅದು ಅವನ ಮುಂಗೈಗೆ ತಾಗುವವರೆಗೂ.

"ಕಾಗದದ ಮೇಲೂ ಬೇಡ," ಎಂದರು.